ಕಣ್ಣಪ್ಪನ ದಾನವೂ ಸಿರಿಯಾಳನ ದಾನವೂ

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಯ ಆಲಯವನ್ನು ಹೊಕ್ಕುಬಂದವರೆಲ್ಲರೂ ಅಲ್ಲಿ ಸಾಲಾಗಿ ನಿಂತಿರುವ ಪುರಾತನರ ಶಿಲಾಮೂರ್ತಿಗಳನ್ನು ನೋಡಿಯೇ ಇರುವರು. ನೋಡಿರುವರೆಂದರೆ ಅವುಗಳ ಮುಂದೆ ಕೈಮುಗಿದುಕೊಂಡು ನಡೆದುಹೋಗಿರುವರೆಂದು ಅರ್ಥ. ಒಂದೊಂದರ ಮುಂದೆಯೂ ನಿಂತು, ಇವರಾರು, ಇವರು ಮಾಡಿದುದೇನು ಎಂದು ವಿಚಾರಿಸುವಷ್ಟು ವಿರಾಮ ಯಾತ್ರಿಕನಿಗೆ ದೊರೆಯುವುದು ಅಪರೂಪ. ನನಗೆ ಆ ವಿರಾಮವು ಒಂದು ಕಾಲದಲ್ಲಿ ಬೇಡವೆನ್ನುವಷ್ಟು ದೊರೆಯಿತು. ನನ್ನ ತಮ್ಮನು ನಂಜನಗೂಡಿನಲ್ಲಿ ಮನೆಮಾಡಿಕೊಂಡಿದ್ದನು. ಅವನ ಎರಡು ಮೂತ್ರಪಿಂಡಗಳೂ ಕೆಟ್ಟು, ಮುಂದೇನು ಗತಿಯೆಂದು ಮನೆಯವರೆಲ್ಲ ಕಂಗೆಟ್ಟಿದ್ದ ತಿಂಗಳುಗಳಲ್ಲಿ ನಾನು ತಿರುಮಕೂಡಲು ನರಸೀಪುರದಿಂದ ವಾರವಾರವೂ ಅಲ್ಲಿಗೆ ಹೋಗುತ್ತಿದ್ದೆನು. ಸಂಜೆಯ ಹೊತ್ತು ಮನೆಯಲ್ಲಿ ಕುಳಿತಿರಲಾರದೆ ದೇವಾಲಯದಲ್ಲಿ ಕುಳಿತುಬರುತ್ತಿದ್ದೆನು. ಅರುವತ್ತುಮೂವರಲ್ಲಿ ಇಬ್ಬರು ಅಂದಿನಿಂದ ನನ್ನ ಮನಸ್ಸನ್ನು ಬಿಟ್ಟಿಲ್ಲ. ಒಬ್ಬನು ಬೇಡರ ಕಣ್ಣಪ್ಪ. ಇನ್ನೊಬ್ಬನು ಕಂಚಿಯ ಸಿರಿಯಾಳಸೆಟ್ಟಿ.

ಇಬ್ಬರೂ ಕೊಟ್ಟವರು. ಲಿಂಗದ ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡು ಕಣ್ಣಪ್ಪನು ತನ್ನ ಕಣ್ಣೊಂದನ್ನು ಕಿತ್ತು ಅಲ್ಲಿಟ್ಟನು. ಎರಡನೆಯದನ್ನೂ ಕೀಳಹೋದಾಗ ಶಿವನು ಕೈಹಿಡಿದನು. ಸಿರಿಯಾಳನ ಮನೆಗೆ ಶಿವನು ಜಂಗಮನಾಗಿ ಬಂದು ಮಗನ ಮಾಂಸವನ್ನು ಬೇಡಿದನು. ಸಿರಿಯಾಳನೂ ಹೆಂಡತಿ ಚಂಗಳೆಯೂ ಮಗನಾದ ಚೀಲಾಳನನ್ನು ಕೊಂದು ಅಡುಗೆಮಾಡಿ ಬಡಿಸಿದರು. ಶಿವನು ಮೆಚ್ಚಿ ಮಗನನ್ನು ಬದುಕಿಸಿಕೊಟ್ಟನು. ಭಕ್ತಿಯ ದೃಷ್ಟಿಯಿಂದ ನಮ್ಮ ಹಿರಿಯರು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಆ ಭಕ್ತಿಯನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ಕೊಟ್ಟ ವಸ್ತುವಿನ ಕಡೆಯಿಂದ ನೋಡಿದರೆ ಈ ಎರಡು ದಾನಗಳ ನಡುವೆ ಇರುವ ಅಂತರವು ಅಲ್ಪವಾದುದಲ್ಲ. ಕಣ್ಣಪ್ಪನು ಕೊಟ್ಟುದು ತನ್ನ ಕಣ್ಣನ್ನು. ಸಿರಿಯಾಳನು ಕೊಟ್ಟುದು ಚೀಲಾಳನ ಮೈಯನ್ನು. ಮಗುವೂ ಸಂತೋಷದಿಂದ ಒಪ್ಪಿತೆಂದು ಹೇಳುವ ಕವಿಗಳುಂಟು. ಹಾಗೆ ಹೇಳಬೇಕೆಂದು ಅವರಿಗೆ ತೋರಿದುದರಿಂದಲೇ, ಕಥೆಯ ಈ ಭಾಗವು ಅವರ ಮನಸ್ಸನ್ನೂ ಚುಚ್ಚಿತ್ತೆಂದು ನಾನು ಊಹಿಸುತ್ತೇನೆ.

ಪುರಾಣವನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶವಲ್ಲ. ಈ ಕಾಲದಲ್ಲಿ ಒಬ್ಬರ ಅಂಗವನ್ನು ಇನ್ನೊಬ್ಬರ ಮೈಯೊಳಗೆ ಇಟ್ಟು ಬದುಕಿಸುವ ವಿದ್ಯೆ ಮನುಷ್ಯನಿಗೆ ಕೈವಶವಾಗಿದೆ. ಅದನ್ನು ನಾವು ಕನ್ನಡದಲ್ಲಿ ಅಂಗದಾನವೆಂದು ಕರೆಯುತ್ತೇವೆ. ದಾನವೆಂಬ ಮಾತು ಒಮ್ಮೆ ಬಂದಮೇಲೆ, ಅದಕ್ಕೆ ನಮ್ಮ ಶಾಸ್ತ್ರಕಾರರು ಹಾಕಿದ ಕಟ್ಟುಪಾಡುಗಳೂ ಬರಬೇಕಾದುದು ನ್ಯಾಯ. ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನು ಉಂಟುಮಾಡುವುದು ದಾನವೆಂದು ಅವರು ಹೇಳಿದರು. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಕೊಡುವ ವಸ್ತು ಯಾರದು?

ಪ್ರಶ್ನೆಯ ಬಿಗಿ ತಿಳಿಯಬೇಕಾದರೆ ರೋಗದ ಸ್ವರೂಪವು ಸ್ವಲ್ಪ ತಿಳಿದಿರಬೇಕು. ಮೂತ್ರಪಿಂಡಗಳು ಬೆನ್ನಿನ ಇಕ್ಕೆಲದಲ್ಲಿ ಮುಷ್ಟಿಗಾತ್ರದ ಎರಡು ಅವಯವಗಳು. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮವಾದ ಸೋಸುಗೊಳವೆಗಳಿವೆ. ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವವು ಅವುಗಳಲ್ಲಿ ಸೋಸಿ, ಬೇಕಾದುದೆಲ್ಲ ರಕ್ತಕ್ಕೆ ಮರಳಿ, ಒಂದೂವರೆ ಎರಡು ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ನಮ್ಮ ಪ್ರಾಚೀನ ವೈದ್ಯರು ಈ ಅವಯವವನ್ನು ವೃಕ್ಕವೆಂದು ಹೆಸರಿಸಿ ಬಲ್ಲವರಾಗಿದ್ದರು. ಆದರೆ ಚರಕಸಂಹಿತೆಯು ಅದನ್ನು ಮೇದಸ್ಸಿನ ಸ್ರೋತಸ್ಸುಗಳಿಗೆ ಮೂಲವೆಂದು ಹೇಳಿತು. ನಮ್ಮ ಊರುಗಳ ಜನರಾದರೋ ಮೈಯಲ್ಲಿ ಕೆಟ್ಟುದು ಯಾವುದು ಸೇರಿದರೂ ‘ನಂಜು ಏರಿತು’ ಎನ್ನುತ್ತಾರೆ. ಈ ರೋಗದ ಮಟ್ಟಿಗೆ ಆ ಮಾತು ಪುಸ್ತಕದ ವಿವರಣೆಗಿಂತ ನೇರವಾಗಿದೆ. ನಂಜನ್ನು ಕಂಠದಲ್ಲಿ ನಿಲ್ಲಿಸಿಕೊಂಡ ದೇವರ ಊರಿನಲ್ಲಿ ವಾಸಮಾಡುತ್ತಿದ್ದವನಿಗೆ ನಂಜು ರಕ್ತದಲ್ಲಿ ನಿಂತಿತು.

ಈ ರೋಗವು ಸದ್ದಿಲ್ಲದೆ ಬರುತ್ತದೆ. ಸಕ್ಕರೆಯ ಕಾಯಿಲೆಯೂ ರಕ್ತದ ಒತ್ತಡವೂ ಇದರ ಮುಖ್ಯ ಕಾರಣಗಳು. ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ಅಂಗಡಿಯಿಂದ ತಂದು ನುಂಗುವುದೂ ಒಂದು ಕಾರಣ. ಮುಕ್ಕಾಲು ಪಾಲು ಶಕ್ತಿ ಹೋಗುವವರೆಗೂ ರೋಗಿಗೆ ತಿಳಿಯದಿರಬಹುದು. ರೋಗಿಗಳನ್ನು ಎಣಿಸುವುದೂ ಸುಲಭವಲ್ಲ. ಶಿವಮೊಗ್ಗೆಯ ಸುತ್ತಲ ಹಳ್ಳಿಗಳಲ್ಲಿ ಎರಡು ಸಾವಿರಕ್ಕೆ ಮೇಲ್ಪಟ್ಟು ವಯಸ್ಕರನ್ನು ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಒಂದು ಸೂತ್ರದಿಂದ ಲೆಕ್ಕಹಾಕಿದರೆ ನೂರಕ್ಕೆ ಆರು ಮಂದಿಗೆ ಈ ರೋಗವಿತ್ತು. ಇನ್ನೊಂದು ಸೂತ್ರದಿಂದ ಲೆಕ್ಕಹಾಕಿದರೆ ಅದೇ ಜನರಲ್ಲಿ ನೂರಕ್ಕೆ ಹದಿನಾರು ಮಂದಿಗಿತ್ತು. ನನ್ನ ತಮ್ಮನು ಯಾವ ಸೂತ್ರದಲ್ಲಿಯೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಮುಖ ಊದಿತು, ಊಟ ಸೇರದಾಯಿತು; ವಾರಕ್ಕೆ ಮೂರು ಸಲ ಮೈಸೂರಿಗೆ ಹೋಗಿ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ತೋಳನ್ನು ಒಡ್ಡಿ ಮಲಗಿ, ರಕ್ತವನ್ನು ತೊಳೆಯಿಸಿಕೊಂಡು ಬರುವಂತಾಯಿತು. ನೀರಿಗೆ ಅಳತೆ, ಉಪ್ಪಿಗೆ ಅಳತೆ. ಪೊಟ್ಯಾಸಿಯಂ ಎಂಬ ಲವಣವು ಹೆಚ್ಚಾಗಿರುವುದರಿಂದ ಬಾಳೆಯಹಣ್ಣೂ ಎಳನೀರೂ ನಿಷಿದ್ಧ. ರಸಬಾಳೆಯ ಊರಿನಲ್ಲಿದ್ದು ರಸಬಾಳೆಯನ್ನು ಮುಟ್ಟುವಂತಿಲ್ಲವೆಂದು ಅವನು ಒಂದು ದಿನ ನಕ್ಕುದು ಈಗಲೂ ನನ್ನ ಕಿವಿಯಲ್ಲಿದೆ.

ಆ ಯಂತ್ರದ ಚರಿತ್ರೆಯಲ್ಲಿ ಒಂದು ಸಂಗತಿಯುಂಟು. ಹಾಲೆಂಡಿನ ಕೋಲ್ಫ್ ಎಂಬ ವೈದ್ಯನು ೧೯೪೩ರಲ್ಲಿ, ಜರ್ಮನರು ಆ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ, ಸೆಲೊಫೇನಿನ ಕೊಳವೆಗಳಿಂದ ಇದನ್ನು ಕಟ್ಟಿದನು. ಮೊದಲ ರೋಗಿಗಳಲ್ಲಿ ಬಹುಮಂದಿ ಉಳಿಯಲಿಲ್ಲ. ೧೯೪೫ರಲ್ಲಿ ಇದರಿಂದ ಬದುಕಿದ ಮೊದಲನೆಯವಳು, ಆಕ್ರಮಣಕಾರರಿಗೆ ನೆರವಾದಳೆಂದು ಸೆರೆಯಲ್ಲಿಟ್ಟಿದ್ದ ಒಬ್ಬ ಹೆಂಗಸು. ಆಕೆಯು ಸತ್ತರೆ ತಮಗೇನೂ ನಷ್ಟವಿಲ್ಲವೆನ್ನುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಿರಬೇಕು. ಪಾತ್ರಾಪಾತ್ರ ವಿವೇಚನೆಯು ದಾನಶಾಸ್ತ್ರದಲ್ಲಿ ದೊಡ್ಡ ಪ್ರಕರಣ. ವೈದ್ಯನಿಗೆ ಅದು ಸಲ್ಲದು.

ಯಂತ್ರವು ರೋಗಿಯನ್ನು ಇಟ್ಟುಕೊಳ್ಳುತ್ತದೆಯೇ ಹೊರತು ಬಿಡುಗಡೆ ಮಾಡುವುದಿಲ್ಲ. ಬಿಡುಗಡೆ ಬೇಕಾದರೆ ಕಸಿ ಮಾಡಿಸಬೇಕು. ಮಾವಿನ ಕಸಿಯಿಂದ ಬಂದ ಈ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಒಂದು ಗಿಡದ ಕಡ್ಡಿಯು ಇನ್ನೊಂದರ ರಸವನ್ನುಂಡು ಜೀವಿಸುವಂತೆ, ಒಬ್ಬರ ಪಿಂಡವು ಇನ್ನೊಬ್ಬರ ಕಿಬ್ಬೊಟ್ಟೆಯಲ್ಲಿ ಅವರ ರಕ್ತದಿಂದ ಜೀವಿಸುತ್ತದೆ. ಕೆಟ್ಟ ಪಿಂಡಗಳನ್ನು ಸಾಮಾನ್ಯವಾಗಿ ತೆಗೆಯುವುದೇ ಇಲ್ಲ. ಕಸಿಯಾದ ಮನುಷ್ಯನಲ್ಲಿ ಮೂರು ಪಿಂಡಗಳಿರುತ್ತವೆ, ಕೊಟ್ಟವರಲ್ಲಿ ಒಂದು.

ಇದು ಮೊದಲು ಸಫಲವಾದುದು ೧೯೫೪ನೆಯ ಡಿಸೆಂಬರ್ ೨೩ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ರಿಚರ್ಡ್ ಹೆರಿಕ್ ಎಂಬ ತರುಣನಿಗೆ ಅವನ ಅವಳಿ ಸೋದರನಾದ ರೊನಾಲ್ಡನ ಪಿಂಡವನ್ನು ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯನೂ ಅವನ ಜೊತೆಯವರೂ ಇಟ್ಟರು. ರೋಗವಿಲ್ಲದವನ ಮೈಯನ್ನು ಕೊಯ್ಯುವುದು, ಅದರಿಂದ ಅವನಿಗೆ ಯಾವ ಲಾಭವೂ ಇಲ್ಲದಿರುವಾಗ, ವೈದ್ಯಧರ್ಮವೋ ಅಧರ್ಮವೋ ಎಂದು ಅವರು ಬಹಳ ಯೋಚಿಸಿದರಂತೆ. ಆದರೆ ನನ್ನ ಮನಸ್ಸನ್ನು ಹಿಡಿದುದು ಹಿಂದಿನ ರಾತ್ರಿ ನಡೆದುದು. ರೋಗಿಯಾದ ರಿಚರ್ಡನು ಅಣ್ಣತಮ್ಮನಿಗೆ ಒಂದು ಚೀಟಿಯನ್ನು ಕಳುಹಿಸಿ, ಇಲ್ಲಿಂದ ಎದ್ದು ಮನೆಗೆ ಹೋಗಿಬಿಡು ಎಂದು ಬರೆದನು. ಬಂದಿದ್ದೇನೆ, ಇಲ್ಲೇ ಇರುತ್ತೇನೆ ಎಂದು ರೊನಾಲ್ಡನು ಉತ್ತರ ಬರೆದನು. ರಿಚರ್ಡನು ಅಲ್ಲಿಂದ ಮುಂದೆ ಎಂಟು ವರ್ಷ ಬದುಕಿದನು. ಕೊಟ್ಟವನು ೨೦೧೦ರವರೆಗೆ ಜೀವಿಸಿದ್ದನು. ಮರ್ರೆಗೆ ೧೯೯೦ರಲ್ಲಿ ನೊಬೆಲ್ ಬಹುಮಾನ ಬಂದಿತು. ನಮ್ಮ ದೇಶದಲ್ಲಿ ಈ ಚಿಕಿತ್ಸೆಯು ೧೯೭೧ರಲ್ಲಿ ವೇಲೂರಿನಲ್ಲಿ ಸಫಲವಾಯಿತು.

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಆತ್ಮಕಥನವನ್ನು ಇಂಥ ಪತ್ರಿಕೆಯಲ್ಲಿ ಹರಡಬಾರದೆಂದು ಬಲ್ಲೆ, ವಾಚಕರು ಮನ್ನಿಸಬೇಕು.

ವೈದ್ಯರು, ಮನೆಯವರಲ್ಲಿ ಕೊಡುವವರು ಯಾರಾದರೂ ಇದ್ದಾರೆಯೆ ಎಂದು ಕೇಳಿದರು. ತಮ್ಮನ ಹೆಂಡತಿಯ ರಕ್ತವರ್ಗವು ಹೊಂದಲಿಲ್ಲ. ತಾಯಿಗೆ ಎಪ್ಪತ್ತೈದು ವರ್ಷ. ಉಳಿದವರು ಇಬ್ಬರು: ಅಕ್ಕ ಮತ್ತು ನಾನು. ಇಬ್ಬರ ರಕ್ತವರ್ಗವೂ ತಮ್ಮನದೇ. ಒಡಹುಟ್ಟಿದವರಲ್ಲಿ ಅಂಗವು ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು; ಆ ಸಂಭವವು ಅಕ್ಕನಿಗೆ ಎಷ್ಟೋ ನನಗೂ ಅಷ್ಟೆ. ನಾನು ಅವಳಿಗಿಂತ ಮೂರು ವರ್ಷಕ್ಕೆ ಚಿಕ್ಕವನು, ಆರೋಗ್ಯವಂತ. ಅಕ್ಕನು ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದವಳಾಗಿ, ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದವಳು. ಅಂದು ಸಂಜೆ ನರಸೀಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಚಿಕ್ಕಪ್ಪ, ತಾಯಿ, ನಾನು, ನನ್ನ ಹೆಂಡತಿ ಎಲ್ಲರೂ ಕುಳಿತಿದ್ದೆವು. ನನ್ನ ಸಂಸಾರದ ಭಾರ, ಹುಡುಗರ ಓದು, ಉದ್ಯೋಗದ ರಜೆ ಇವುಗಳ ಮಾತು ಹೇಗೆ ಹೇಗೋ ಬಂದುವು. ಬೇಕೆಂದು ತಂದವರು ಯಾರೂ ಅಲ್ಲ. ಅನಂತರ ಎಲ್ಲರೂ ಸುಮ್ಮನಾದರು. ಅಕ್ಕ ಒಳಗಿನಿಂದ ಕಾಫಿ ತಂದಳು. ಲೋಟಗಳನ್ನು ಇಟ್ಟು, ‘ನನ್ನದನ್ನೇ ಪರೀಕ್ಷೆ ಮಾಡಿಸಿ’ ಎಂದಳು. ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಆ ಇಳಿದ ಭಾರವೇ ಈ ಲೇಖನಕ್ಕೆ ಕಾರಣ.

ಇದರಲ್ಲಿ ಬಲವಂತವೆಲ್ಲಿ ಬಂತು ಎಂದು ಕೇಳಬಹುದು. ಎಲ್ಲಿಯೂ ಇಲ್ಲ. ಕಾನೂನಿಗೂ ಇಲ್ಲವೆಂದೇ ಕಂಡಿತು. ಮನುಷ್ಯರ ಅಂಗಗಳ ಕಸಿಯನ್ನು ಕುರಿತು ೧೯೯೪ರಲ್ಲಿ ನಮ್ಮ ದೇಶದಲ್ಲಿ ಶಾಸನವಾಗಿ, ೨೦೧೧ರಲ್ಲಿ ತಿದ್ದುಪಡಿಯಾಗಿ, ೨೦೧೪ರಲ್ಲಿ ಹೊಸ ನಿಯಮಗಳು ಬಂದವು. ಆ ನಿಯಮಗಳಲ್ಲಿ ಒಂದು ಬಹು ವಿಚಾರಪೂರ್ವಕವಾದುದು: ಕೊಡುವವಳು ಹೆಂಗಸಾದರೆ ಹೆಚ್ಚಿನ ಎಚ್ಚರಿಕೆ ವಹಿಸಬೇಕು, ಆಕೆಯ ಸ್ವತಂತ್ರವಾದ ಒಪ್ಪಿಗೆಯನ್ನು ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕು. ಅದರಂತೆ ಆಸ್ಪತ್ರೆಯಲ್ಲಿ ಅಕ್ಕನನ್ನು ಬೇರೆ ಕೊಠಡಿಗೆ ಕರೆದುಕೊಂಡು ಹೋಗಿ, ಯಾರಾದರೂ ಒತ್ತಾಯ ಮಾಡಿದರೆ ಎಂದು ಕೇಳಿದರು. ಇಲ್ಲವೆಂದಳು. ಅವಳು ಸುಳ್ಳಾಡುವವಳಲ್ಲ, ಅಂದೂ ಆಡಲಿಲ್ಲ.

ಆದರೂ ನಿಯಮವನ್ನು ಬರೆದವರಿಗೆ ಹೆಂಗಸಿನ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕೆಂದು ಏಕೆ ತೋರಿತು? ಲೆಕ್ಕವನ್ನು ನೋಡಿದರೆ ತಿಳಿಯುತ್ತದೆ. ೧೯೯೫ರಿಂದ ೨೦೨೧ರವರೆಗೆ ನಮ್ಮ ದೇಶದಲ್ಲಿ ನಡೆದ ೩೬,೬೪೦ ಕಸಿಗಳಲ್ಲಿ ಅಂಗವನ್ನು ಪಡೆದ ಗಂಡಸರು ೨೯,೦೦೦ಕ್ಕೆ ಮೇಲ್ಪಟ್ಟು. ಪಡೆದ ಹೆಂಗಸರು ೬,೯೪೫. ಒಬ್ಬ ಹೆಂಗಸಿಗೆ ನಾಲ್ವರು ಗಂಡಸರು. ಜೀವಂತವಾಗಿರುವಾಗ ಕೊಟ್ಟವರಲ್ಲಾದರೋ ಹೆಂಗಸರೇ ಹೆಚ್ಚು: ತಾಯಂದಿರು, ಹೆಂಡಿರು, ಅಕ್ಕತಂಗಿಯರು. ಮೂತ್ರಪಿಂಡದ ರೋಗವು ಹೆಂಗಸರನ್ನು ಬಿಟ್ಟು ಗಂಡಸರನ್ನೇ ಹುಡುಕಿಕೊಂಡು ಬರುವುದಿಲ್ಲ. ಕೊಡುವ ಗುಣವು ಹೆಂಗಸಿನ ಸ್ವಭಾವವೆಂದೂ, ಮಾತೃಹೃದಯವೆಂದೂ ನಾವು ಇದಕ್ಕೆ ಸಮಾಧಾನ ಹೇಳಿಕೊಳ್ಳುತ್ತೇವೆ. ಆ ಸಮಾಧಾನವು ನನಗೆ ಒಂದು ಕಾಲದಲ್ಲಿ ಸಾಕಾಗಿತ್ತು. ಸ್ವಭಾವವೇ ಕಾರಣವಾಗಿದ್ದ ಪಕ್ಷದಲ್ಲಿ, ಗಂಡಸರಿಗೆ ತಮ್ಮ ಮಡದಿಯರ ಮೇಲಿನ ಪ್ರೀತಿ ಅಷ್ಟು ಕಡಮೆಯೆಂದು ಒಪ್ಪಬೇಕಾಗುತ್ತದೆ. ಹಾಗೆ ಒಪ್ಪುವ ಗಂಡಸನ್ನು ನಾನು ಕಂಡಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ‘ಮನೆಯಲ್ಲಿ ಗಳಿಸುವವನು ಉಳಿದರೆ ಎಲ್ಲರೂ ಉಳಿಯುತ್ತಾರೆ, ಗಳಿಸುವವನ ಮೈಗೆ ಕತ್ತಿ ಹಾಕುವುದು ಅವಿವೇಕ, ಕುಟುಂಬವೇ ಒಂದು ಶರೀರ, ಅದರ ಒಂದು ಅಂಗವು ಇನ್ನೊಂದಕ್ಕೆ ಒದಗುವುದರಲ್ಲಿ ಅನ್ಯಾಯವೇನು?’ ಈ ವಾದವನ್ನು ಅವಿಭಕ್ತಕುಟುಂಬದಲ್ಲಿ ಬೆಳೆದ ನಾನು ಸುಲಭವಾಗಿ ತಳ್ಳಿಹಾಕಲಾರೆ. ಆದರೆ ನಮ್ಮ ಧರ್ಮಶಾಸ್ತ್ರವೇ ಇದನ್ನು ತಳ್ಳಿಹಾಕಿದೆ. ಕುಟುಂಬಕ್ಕೆ ವಿರೋಧವಾಗದಂತೆ ತನ್ನದನ್ನು ಕೊಡಬಹುದು, ಹೆಂಡತಿ ಮಕ್ಕಳನ್ನು ಮಾತ್ರ ಕೊಡಕೂಡದು ಎಂದು ಯಾಜ್ಞವಲ್ಕ್ಯಸ್ಮೃತಿಯ ವಿಧಿ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಮೀಮಾಂಸಕರು ಇನ್ನೂ ಮುಂದಕ್ಕೆ ಹೋದರು. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ಕೊಡಬೇಕು. ಹಾಗಾದರೆ ತನ್ನವರೆನ್ನಿಸಿಕೊಂಡ ತಂದೆತಾಯಿಗಳನ್ನೂ ಕೊಡಬೇಕೋ ಎಂದು ಅವರು ಪ್ರಶ್ನೆ ಎತ್ತಿ, ಕೂಡದೆಂದು ಸಿದ್ಧಾಂತ ಮಾಡಿದರು. ‘ನನ್ನ’ ಎಂಬ ಮಾತು ಎರಡು ಕಡೆಯೂ ಒಂದೇ ಆದರೂ, ನನ್ನ ಹಸು ಎಂಬಲ್ಲಿ ಇರುವ ಒಡೆತನವು ನನ್ನ ತಾಯಿ ಎಂಬಲ್ಲಿ ಇಲ್ಲ. ಯಾಗಶಾಲೆಯಲ್ಲಿ ಕುಳಿತು ಅವರು ಮಾಡಿದ ಈ ಸೂಕ್ಷ್ಮ ವಿವೇಚನೆಯು ಇಷ್ಟು ಶತಮಾನಗಳ ಮೇಲೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ನನಗೆ ಒದಗಿಬರಬೇಕಾಗಿತ್ತು. ‘ನಮ್ಮ ಅಕ್ಕ ಕೊಡುತ್ತಾಳೆ’ ಎಂದು ನಾನು ಅಂದು ಎಷ್ಟು ಜನರ ಮುಂದೆ ಹೇಳಿದೆನೋ!

ಹಾಗಾದರೆ ಹಣಕ್ಕೆ ಕೊಡುವವರಿಂದ ಕೊಳ್ಳುವುದೇ ಪ್ರಾಮಾಣಿಕವಲ್ಲವೆ ಎನ್ನುವವರೂ ಉಂಟು. ಮಾರುವವನಿಗೆ ಬೆಲೆಯಾದರೂ ಸಿಕ್ಕುತ್ತದೆ, ಅಕ್ಕನಿಗೆ ಸಿಕ್ಕುದೇನು ಎಂದು ಅವರ ವಾದ. ಶಾಸನವಾಗುವುದಕ್ಕೆ ಮುಂಚೆ ಬೆಂಗಳೂರು, ಚೆನ್ನೈ ಮುಂತಾದ ಕಡೆಗಳಲ್ಲಿ ಈ ವ್ಯಾಪಾರವು ನಡೆದೇ ಇತ್ತು, ಆಮೇಲೆಯೂ ಗುಟ್ಟಾಗಿ ನಡೆಯಿತು. ಚೆನ್ನೈಯಲ್ಲಿ ಮೂತ್ರಪಿಂಡವನ್ನು ಮಾರಿದ್ದ ೩೦೫ ಮಂದಿಯನ್ನು ವಿಚಾರಿಸಿ ೨೦೦೨ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ನೂರಕ್ಕೆ ೯೬ ಮಂದಿ ಸಾಲ ತೀರಿಸುವುದಕ್ಕಾಗಿ ಮಾರಿದ್ದರು. ಮುಕ್ಕಾಲು ಪಾಲು ಜನ ವಿಚಾರಣೆಯ ಕಾಲಕ್ಕೂ ಸಾಲಗಾರರಾಗಿಯೇ ಇದ್ದರು. ಅವರ ಸಂಸಾರದ ವರಮಾನ ಮೂರರಲ್ಲಿ ಒಂದು ಪಾಲು ಇಳಿದಿತ್ತು. ಆ ಪ್ರಾಮಾಣಿಕತೆಯ ವಿಷಯ ಇಷ್ಟು ಸಾಕು.

ಕೊಟ್ಟವರ ಮೈಗೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ನಮಗೆ ಅಂದು ಹೇಳಿದುದು, ಏನೂ ಆಗುವುದಿಲ್ಲ, ಒಂದು ಪಿಂಡದಿಂದಲೇ ಮನುಷ್ಯನು ಬಾಳಬಲ್ಲನು ಎಂದು. ಅದು ಬಹುಮಟ್ಟಿಗೆ ನಿಜ. ಉಳಿದ ಪಿಂಡವು ಸ್ವಲ್ಪ ಬೆಳೆದು ಹೆಚ್ಚಿನ ಕೆಲಸವನ್ನು ತಾನೇ ಹೊರುತ್ತದೆ. ಶಸ್ತ್ರಚಿಕಿತ್ಸೆಯಿಂದ ದಾತೃಗಳು ಸಾಯುವುದು, ಅಮೆರಿಕದ ಲೆಕ್ಕದಲ್ಲಿ, ಹತ್ತು ಸಾವಿರಕ್ಕೆ ಮೂವರು. ಕೊಟ್ಟವರು ಸಾಮಾನ್ಯ ಜನರಿಗಿಂತ ಕಡಮೆ ಬದುಕುವುದಿಲ್ಲವೆಂದು ಮೊದಮೊದಲ ಸಂಶೋಧನೆಗಳು ತೋರಿಸಿದವು. ಅವುಗಳಲ್ಲಿ ಒಂದು ಕೊರತೆಯಿತ್ತು. ದಾತೃವೆಂದರೆ ಎಲ್ಲ ಪರೀಕ್ಷೆಗಳಲ್ಲಿಯೂ ಗೆದ್ದು ಆರಿಸಿಬಂದ ಆರೋಗ್ಯವಂತ. ಅವನನ್ನು ರೋಗಿಗಳೂ ಸೇರಿರುವ ಸಾಮಾನ್ಯ ಜನರೊಡನೆ ಹೋಲಿಸಿದರೆ ನಷ್ಟವು ಕಾಣುವುದೆಂತು? ೨೦೧೪ರಲ್ಲಿ ಅಮೆರಿಕದ ಸಂಶೋಧಕರು ದಾತೃಗಳನ್ನು ಅವರಷ್ಟೇ ಆರೋಗ್ಯವಂತರಾಗಿದ್ದೂ ಕೊಡದೆ ಇದ್ದವರೊಡನೆ ಹೋಲಿಸಿದರು. ಜೀವಮಾನದಲ್ಲಿ ಮೂತ್ರಪಿಂಡವು ಪೂರ್ತಿ ಕೆಡುವ ಅಪಾಯವು, ಕೊಡದವರಲ್ಲಿ ಹತ್ತು ಸಾವಿರಕ್ಕೆ ೧೪, ಕೊಟ್ಟವರಲ್ಲಿ ೯೦. ತೊಂಬತ್ತು ದೊಡ್ಡ ಸಂಖ್ಯೆಯಲ್ಲ. ನೂರಕ್ಕೆ ಒಂದೂ ಇಲ್ಲ. ಆದರೆ ‘ಏನೂ ಇಲ್ಲ’ ಎಂಬುದಕ್ಕೂ ಅದಕ್ಕೂ ಇರುವ ದೂರದೊಳಗೇ ದಾನವೆಂಬುದು ಇದೆ. ಅಕ್ಕನಿಗೆ ಏನೂ ಆಗುವುದಿಲ್ಲವೆಂದು ಹೇಳಿ ನಾವು ಅವಳ ದಾನವನ್ನೇ ಸಣ್ಣದು ಮಾಡಿದೆವು.

ಪಡೆದವರ ವಿಷಯದಲ್ಲಿಯೂ ಒಂದು ಸಂಶೋಧನೆಯನ್ನು ಹೇಳಬೇಕು, ಏಕೆಂದರೆ ‘ರಕ್ತಸಂಬಂಧವೇ ಬೇಕು’ ಎಂದು ಅಂದು ಚಿಕ್ಕಪ್ಪ ಹೇಳಿದ ಮಾತಿಗೆ ಅದು ಉತ್ತರ. ೧೯೯೫ರಲ್ಲಿ ಅಮೆರಿಕದಿಂದ ಪ್ರಕಟವಾದ ಲೆಕ್ಕದಲ್ಲಿ, ಗಂಡ ಅಥವಾ ಹೆಂಡತಿಯಿಂದ ಬಂದ ಪಿಂಡಗಳು ಮೂರು ವರ್ಷಗಳ ಮೇಲೆಯೂ ನೂರಕ್ಕೆ ೮೫ ಕೆಲಸಮಾಡುತ್ತಿದ್ದವು. ತಂದೆತಾಯಿಗಳಿಂದ ಬಂದವು ೮೨. ಮೃತರಿಂದ ಬಂದವು ೭೦. ಪ್ರತಿರೋಧವನ್ನು ಅಡಗಿಸುವ ಔಷಧಗಳು ಬಂದ ಮೇಲೆ, ಅಗ್ನಿಸಾಕ್ಷಿಯಾಗಿ ಬಂದ ನೆಂಟು ಹೊಕ್ಕುಳಬಳ್ಳಿಯ ನೆಂಟಿಗೆ ಕಡಮೆಯಿಲ್ಲದಂತಾಯಿತು. ಆ ಔಷಧಗಳನ್ನು ಜೀವವಿರುವವರೆಗೂ ನುಂಗಬೇಕು. ಅಷ್ಟಾದರೂ ಕಸಿಯ ಪಿಂಡಕ್ಕೆ ಒಂದು ಆಯುಸ್ಸುಂಟು. ತಮ್ಮನಿಗೆ ಇದು ಹನ್ನೆರಡನೆಯ ವರ್ಷ. ಕೆಲಸಕ್ಕೆ ಹೋಗಿಬರುತ್ತಿದ್ದಾನೆ, ಮಗಳ
ಮದುವೆ ಮಾಡಿದನು. ಅಕ್ಕನ ದಾನವು ಫಲಿಸಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಮೃತರಿಂದ ಪಡೆದರೆ ಈ ತೊಡಕೇ ಇಲ್ಲವಲ್ಲ ಎನ್ನಬಹುದು. ಬಹಳಮಟ್ಟಿಗೆ ಇಲ್ಲ. ಮಿದುಳು ಸತ್ತು ಎದೆಯಿನ್ನೂ ಬಡಿಯುತ್ತಿರುವ ಒಬ್ಬರಿಂದ ಇಬ್ಬರಿಗೆ ಪಿಂಡಗಳು ಸಿಕ್ಕುತ್ತವೆ. ಕರ್ನಾಟಕದಲ್ಲಿ ಅವುಗಳನ್ನು ಸರದಿಯಂತೆ ಹಂಚುವ ಸರ್ಕಾರದ ಸಂಸ್ಥೆಗೆ ಜೀವಸಾರ್ಥಕತೆ ಎಂದು ಹೆಸರು. ಇಡೀ ದೇಶದಲ್ಲಿ ೨೦೨೩ರಲ್ಲಿ ಹೀಗೆ ಕೊಟ್ಟ ಮೃತರು ಸುಮಾರು ಸಾವಿರದ ನೂರು ಮಂದಿ. ಕಾಯುವವರ ಸಂಖ್ಯೆಗೆ ಇದು ಸಮುದ್ರದ ಮುಂದೆ ಬೊಗಸೆ. ಬೆಂಗಳೂರಿನ ಹತ್ತಿರ ೨೦೧೬ರಲ್ಲಿ ಲಾರಿಯ ಕೆಳಗೆ ಸಿಕ್ಕು ಮೈ ಎರಡಾಗಿದ್ದ ಗುಬ್ಬಿಯ ಕಡೆಯ ತರುಣನೊಬ್ಬನು, ಉಸಿರಿರುವಾಗಲೇ, ತನ್ನ ಅಂಗಗಳನ್ನು ಕೊಡಿರೆಂದು ಸುತ್ತ ನಿಂತವರಿಗೆ ಹೇಳಿದನು. ಅವನ ಕಣ್ಣುಗಳನ್ನು ತೆಗೆದುಕೊಂಡರು. ೨೦೨೧ರಲ್ಲಿ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಮನೆಯವರು ಕೊಟ್ಟರು. ಕಣ್ಣಿನ ಮಾತು ಬಂದುದರಿಂದ ಇನ್ನೊಂದು ನೆನಪಾಗುತ್ತದೆ: ಬಾಸ್ಟನ್ನಿನಲ್ಲಿ ಕಸಿ ನಡೆದ ೧೯೫೪ರಲ್ಲಿಯೇ ನಮ್ಮಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರವು ಬಂದಿತು. ಅದರಲ್ಲಿ ಕಣ್ಣಪ್ಪನಾಗಿದ್ದ ರಾಜ್‌ಕುಮಾರ್ ಅವರು ೨೦೦೬ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. ಆದರೆ ಸತ್ತವರಿಂದ ಸಿಕ್ಕದಿದ್ದಾಗ, ಕಣ್ಣುಗಳು ಮತ್ತೆ ಅಡುಗೆಮನೆಯ ಕಡೆಗೇ ತಿರುಗುತ್ತವೆ.

ಹಾಗಾದರೆ ಅಕ್ಕ ಕೊಟ್ಟುದು ಕಣ್ಣಪ್ಪನ ದಾನವೋ, ನಾವು ಕೊಡಿಸಿದ ಸಿರಿಯಾಳನ ದಾನವೋ? ಒತ್ತಾಯವಿಲ್ಲದ ಮಾತ್ರಕ್ಕೆ ಸ್ವಾತಂತ್ರ್ಯವಿದ್ದಂತಾಗುವುದಿಲ್ಲ. ಒಲ್ಲೆನೆಂದರೂ ಮೊದಲಿನಂತೆಯೇ ತಲೆಯೆತ್ತಿಕೊಂಡು ಬಾಳಬಲ್ಲವರು ಹೂಂ ಎಂದರೆ ಅದಕ್ಕೆ ಬೆಲೆ. ಅಕ್ಕ ಒಲ್ಲೆನೆಂದಿದ್ದರೆ, ಮಾರನೆಯ ದಿನವೂ ಅದೇ ಮನೆಯಲ್ಲಿ, ಅದೇ ತಾಯಿಗೆ, ಅದೇ ತಮ್ಮಂದಿರಿಗೆ ಕಾಫಿ ಮಾಡಿಕೊಡಬೇಕಾಗಿತ್ತು. ಇಂಥ ಇಕ್ಕಟ್ಟಿಗೆ ಪಶ್ಚಿಮದ ಕೆಲವು ವೈದ್ಯರು ಒಂದು ಉಪಾಯ ಮಾಡುತ್ತಾರೆ. ಕೊಡಲು ಮನಸ್ಸಿಲ್ಲವೆಂದು ಗುಟ್ಟಾಗಿ ತಿಳಿಸಿದವರ ವಿಷಯದಲ್ಲಿ ಮನೆಯವರಿಗೆ, ‘ಇವರು ದಾನಕ್ಕೆ ತಕ್ಕವರಲ್ಲ’ ಎಂದಷ್ಟೇ ಹೇಳುತ್ತಾರೆ. ಅದು ಅಸತ್ಯವಲ್ಲವೆ ಎಂದು ಅವರೊಳಗೇ ವಾದವಿದೆ. ಮನಸ್ಸಿಲ್ಲದವರು ದಾನಕ್ಕೆ ತಕ್ಕವರಲ್ಲ ಎಂಬುದಕ್ಕಿಂತ ಸತ್ಯವಾದ ಮಾತು ಯಾವುದೆಂದು ನನಗೆ ತಿಳಿಯದು.

ಕಳೆದ ವರ್ಷದವರೆಗೂ ಈ ಪ್ರಶ್ನೆಯನ್ನು ನಾನು ಮನಸ್ಸಿನಲ್ಲಿಯೇ ತಿರುವಿಹಾಕುತ್ತಿದ್ದೆನು. ತಮ್ಮನನ್ನು ಹನ್ನೆರಡು ವರ್ಷವೂ ತಪ್ಪದೆ ಪರೀಕ್ಷಿಸುತ್ತಿದ್ದಾರೆ. ಅವನ ರಕ್ತದ ಒಂದೊಂದು ಅಂಕಿಯೂ ಅವನ ಹೆಂಡತಿಗೆ ಬಾಯಿಪಾಠ. ಅಕ್ಕನನ್ನು ಮೊದಲ ವರ್ಷದ ಮೇಲೆ ಯಾರೂ ಕರೆದುಕೊಂಡು ಹೋಗಲಿಲ್ಲ, ನಾನೂ ಸೇರಿ. ತಲೆಸುತ್ತೆಂದು ಕುಳಿತುಕೊಂಡಾಗ ನೋಡಿಸಿದರೆ, ರಕ್ತದ ಒತ್ತಡವು ಯಾವ ಕಾಲದಿಂದಲೋ ಏರಿಕೊಂಡಿತ್ತು. ಉಳಿದ ಪಿಂಡದ ಶಕ್ತಿಯೂ ತುಸು ಕುಂದಿತ್ತು. ಈಗ ಮೂರು ತಿಂಗಳಿಗೊಮ್ಮೆ ನಾನೇ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ. ಅಂಥ ಒಂದು ಪ್ರಯಾಣದಲ್ಲಿ, ಬಸ್ಸು ಇನ್ನೂ ನರಸೀಪುರವನ್ನು ಬಿಡುತ್ತಿದ್ದಾಗ, ‘ಅಕ್ಕ, ಅವತ್ತು ನಾನು ಕೊಡುತ್ತೇನೆ ಅಂದಿದ್ದರೆ ನೀನು ಏನು ಮಾಡುತ್ತಿದ್ದೆ?’ ಎಂದು ಕೇಳಿಬಿಟ್ಟೆನು.

ಅವಳು ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದಳು. ‘ಬೇಡ ಅನ್ನುತ್ತಿದ್ದೆ, ನಾನೇ ಕೊಡುತ್ತಿದ್ದೆ. ನಾನು ಎತ್ತಿ ಆಡಿಸಿದ ಮಗು ಅವನು’ ಎಂದಳು. ಆಮೇಲೆ ಸ್ವಲ್ಪ ತಡೆದು, ‘ಆದರೆ ನನ್ನನ್ನು ಯಾರೂ ಕೇಳಲಿಲ್ಲ ಕಣೋ. ಬೇಡ ಅಂತಲೂ ಯಾರೂ ಅನ್ನಲಿಲ್ಲ’ ಎಂದಳು.

ಬಾಸ್ಟನ್ನಿನ ಆ ಚೀಟಿಯ ಅರ್ಥವು ನನಗೆ ಅಲ್ಲಿ ಆಯಿತು. ರಿಚರ್ಡನು ಮನೆಗೆ ಹೋಗೆಂದುದು ಸೋದರನು ಹೋಗಲೆಂದಲ್ಲದಿರಬಹುದು; ಇದ್ದರೆ ತನ್ನ ಇಚ್ಛೆಯಿಂದ ಇದ್ದನೆಂಬುದು ಆ ಚೀಟಿಯಿಂದ ಸಿದ್ಧವಾಯಿತು. ನಾವು ಅಕ್ಕನಿಗೆ ಅಂಥ ಚೀಟಿಯನ್ನು ಬರೆಯಲಿಲ್ಲ. ಒಂದೇ ಕ್ರಿಯೆಯು ಕೊಟ್ಟವಳ ಕಡೆಯಿಂದ ಕಣ್ಣಪ್ಪನದೂ ಪಡೆದವರ ಕಡೆಯಿಂದ ಸಿರಿಯಾಳನದೂ ಆಗಬಲ್ಲುದೆಂದು ನಾನು ಎಣಿಸಿರಲಿಲ್ಲ. ಅವಳ ದಾನದಲ್ಲಿ ಊನವಿಲ್ಲ. ನಮ್ಮ ಗ್ರಹಣದಲ್ಲಿ ಊನವಿತ್ತು, ಅದು ಅವಳ ದಾನದ ಹಿರಿಮೆಯಿಂದ ತುಂಬಿಹೋಗುವುದಿಲ್ಲ. ಕೊಟ್ಟವರು ಸಂತೋಷದಿಂದ ಕೊಟ್ಟರೆಂಬುದು ಕೊಟ್ಟವರು ಹೇಳಬಹುದಾದ ಮಾತು. ಪಡೆದವರು ಅದನ್ನು ತಮ್ಮ ಸಮರ್ಥನೆಗೆ ಎತ್ತಿಕೊಳ್ಳುವಂತಿಲ್ಲ.

ಆಸ್ಪತ್ರೆಯಲ್ಲಿ ಅಂದು ಹೊರಗೆ ಬರುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಅಂಕಿಗಳು ಹೋದಸಲಕ್ಕಿಂತ ಕೆಟ್ಟಿರಲಿಲ್ಲ. ಉಪ್ಪಿನಕಾಯಿಯನ್ನು ಪೂರ್ತಿ ಬಿಡಬೇಕೆಂದು ವೈದ್ಯರು ಹೇಳಿದ್ದರಿಂದ ಅಕ್ಕನಿಗೆ ಸ್ವಲ್ಪ ಕೋಪ ಬಂದಿತ್ತು. ಬಸ್ಸಿಗೆ ನಿಂತಾಗ, ಮುಂದಿನ ಸಲ ಹಿಂದಿರುಗುವಾಗ ನಂಜನಗೂಡಿನ ಮೇಲೆ ಬರೋಣ, ತಮ್ಮನ ಮೊಮ್ಮಗುವನ್ನು ನೋಡಿದಂತಾಯಿತು, ಸ್ವಾಮಿಯ ದರ್ಶನವೂ ಆಯಿತು ಎಂದಳು. ಆಗಲಿ ಎಂದೆನು.